ಬೆರಳೂ ಬುಡು

ಇವತ್ತು ಬೀರುವಿನಿಂದ ತೆಗೆದ ಹಳೇ ಜಮಖಾನದ ಮುಗ್ಗಲು ವಾಸನೆಗೆ ಅಗ್ರಹಾರದ ದೊಡ್ಡಮ್ಮನ ಮನೆ ನೆನಪಾಯಿತು.

ಚಿಕ್ಕಂದಿನಲ್ಲಿ ನನ್ನ ಭುಜ ಸದಾ ಬಿಗಿದು ಕಿವಿಗೇರಿರುತ್ತಿತ್ತು. ಅದನ್ನು ಸಡಿಲಿಸಲೆಂದೇ ಅಮ್ಮ ನನ್ನನ್ನು ಊರಿಂದ ಕರೆತಂದಿದ್ದಳು; ದೊಡ್ಡಮ್ಮ ಯೋಗ ಹೇಳಿಕೊಡುತ್ತಿದ್ದರು. ಜಮಖಾನದ ಮೇಲೆ ಅಂಗಾತ ಮಲಗಿದರೂ ಅಮ್ಮನ ಬೆರಳು ಹಿಡಿದೇ ಇದ್ದೆ.

"ಕಣ್ಮುಚ್ಚು. ಭುಜ ಬುಡು ಕಣಮ್ಮ. ದವಡೆ ಬುಡು. ಬೆರಳೂ ಬುಡು, ನಿಮ್ಮಮ್ಮ ಎಲ್ಲಿಗೋಯ್ತಾಳೆ?" ಅಂದರು ದೊಡ್ಡಮ್ಮ.

"ಇಲ್ಲೇ ಇದೀನಿ ಪುಟ್ಟಿ," ಅಂದಳು ಅಮ್ಮ.

ಬಿಟ್ಟೆ. ಮೈಯೆಲ್ಲ ಹಿಂಡದ ಒದ್ದೆ ಬಟ್ಟೆಯ ಹಾಗೆ ನೆಲಕ್ಕಿಳಿಯಿತು.

ಕಣ್ಣು ತೆರೆದಾಗ ಬಾಗಿಲಲ್ಲಿ ಅಮ್ಮನ ಚಪ್ಪಲಿ ಇರಲಿಲ್ಲ. ಗೋಡೆಗೊರಗಿ ನನ್ನ ಬಟ್ಟೆಗಳ ಚೀಲ ನಿಂತಿತ್ತು.

"ಅಮ್ಮ ಊರ್ಗೋದ್ಲು. ಇನ್ಮೇಲೆ ನೀನು ನಮ್ಮನೇಲೇ ಇರೋದು," ಅಂತ ದೊಡ್ಡಮ್ಮ ಬೆನ್ನು ಸವರಿದರು. "ನೋಡು, ಎಷ್ಟು ಚೆನ್ನಾಗಿ ಬುಟ್ಟೆ!"

ನನ್ನ ಭುಜ ಆಗಲೇ ಕಿವಿ ಮುಟ್ಟಿತ್ತು.