ಮನೆಗಾಡಿಯ ಟಿಣ್ ಟಿಣ್

"ರೀ, ಗಾಡಿ ಹಿಂದೆ ಎಲ್ಲೋ ಟಿಣ್ ಟಿಣ್ ಅಂತಿದೆ. ನಿಂತಾಗ ಇಲ್ಲ, ಓಡುವಾಗ ಮಾತ್ರ," ಎಂದಳು ಹೆಂಡತಿ, ಮನೆಗಾಡಿಯನ್ನು ಬೀದಿಗೆ ತಂದು ನಿಲ್ಲಿಸಿ.

ಯಜಮಾನರ ಮುಖ ಅರಳಿತು. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿ ನಿವೃತ್ತರಾದವರು ಅವರು. ಹಳೆಯ ಮಿನಿ ಬಸ್ಸೊಂದನ್ನು ಕೊಂಡು, ಸೀಟುಗಳನ್ನು ಕಿತ್ತು, ಮಂಚ, ಒಲೆ, ಸಿಂಕು, ನೀರಿನ ಟ್ಯಾಂಕು ಎಲ್ಲವನ್ನೂ ತಾವೇ ಕೂರಿಸಿ ಈ ಮನೆಗಾಡಿ ಮಾಡಿದ್ದರು. ಇಬ್ಬರೂ ಸಮುದ್ರ ನೋಡಿ ಬರುವುದೆಂದು ಮಾತಾಗಿತ್ತು. ಆದರೆ ಹೊರಡುವ ದಿನ ಹತ್ತಿರ ಬಂದಾಗಲೆಲ್ಲ ಗಾಡಿಯಲ್ಲಿ ಏನಾದರೊಂದು ರಿಪೇರಿ ಹುಟ್ಟಿಕೊಳ್ಳುತ್ತಿತ್ತು. ಒಮ್ಮೆ ಬ್ರೇಕು, ಒಮ್ಮೆ ಚಾವಣಿಯ ಸೋರಿಕೆ. ಹೋದ ಸಲ ಗ್ಯಾಸ್ ಸೋರುತ್ತಿದೆಯೇ ಎಂದು ನೋಡಲು ಪೈಪಿಗೆ ಸೋಪಿನ ನೊರೆ ಹಚ್ಚಿ, ಒಂದು ಗುಳ್ಳೆ ಕಂಡಿತೆಂದು ಪ್ರಯಾಣವನ್ನೇ ಮುಂದೂಡಿದ್ದರು. "ಸೋಪಲ್ಲಿ ಗುಳ್ಳೆ ಬರದೆ ಇನ್ನೇನ್ರೀ ಬರುತ್ತೆ?" ಎಂದು ಹೆಂಡತಿ ಕೇಳಿದ್ದಕ್ಕೆ ಅವರು ಸ್ಪ್ಯಾನರ್ ಹುಡುಕಿಕೊಂಡು ಹೋಗಿದ್ದರು.

ತಪ್ಪು ಅವರದೂ ಅಲ್ಲ. ದಾರಿಯಲ್ಲಿ ಕೆಟ್ಟು ನಿಂತ ಬಸ್ಸುಗಳನ್ನು ರಿಪೇರಿ ಮಾಡುವುದೇ ಅವರ ಕೆಲಸವಾಗಿತ್ತು. ಸುಖವಾಗಿ ಊರು ಮುಟ್ಟಿದ ಬಸ್ಸು ಯಾವ ಮೆಕ್ಯಾನಿಕ್ಕಿನ ಕಣ್ಣಿಗೆ ಬೀಳುತ್ತದೆ? ಹಾಗಾಗಿ ಹೊರಟ ಗಾಡಿಗಳೆಲ್ಲ ಕೈಕೊಡುತ್ತವೆ ಎಂಬ ಭಯ ಅವರಲ್ಲಿ ಬೇರು ಬಿಟ್ಟಿತ್ತು. ಇತ್ತ ಆಕೆ ಶಾಲೆಯ ವ್ಯಾನ್ ಓಡಿಸಿದವಳು. ಜೀವಮಾನವಿಡೀ ಅದೇ ಬೀದಿಗಳು, ಅದೇ ಗೇಟಿನ ಮುಂದೆ ತಿರುಗಿಸಿ ವಾಪಸ್ಸು. ತಿರುಗಿಸದೆ ನೇರವಾಗಿ ಹೋಗುವ ಒಂದು ದಾರಿಗಾಗಿ ಅವಳ ಜೀವ ಹಂಬಲಿಸುತ್ತಿತ್ತು. ಈ ಸಲವೂ ಹೊರಡದಿದ್ದರೆ ಇನ್ನು ಬಾಯಿ ಬಿಟ್ಟು ಕೇಳುವುದಿಲ್ಲ ಎಂದು ಮನಸ್ಸಿನಲ್ಲೇ ನಿಶ್ಚಯಿಸಿದ್ದಳು.

"ಓಡುವಾಗ ಮಾತ್ರ ಬರೋ ಸದ್ದನ್ನ ಓಡುವಾಗಲೇ ಹಿಡೀಬೇಕು. ನೀನು ಓಡಿಸು, ನಾನು ಹಿಂದೆ ಕೂತು ಕೇಳ್ತೀನಿ," ಎಂದು ಯಜಮಾನರು ಉತ್ಸಾಹದಿಂದ ಹತ್ತಿದರು.

"ಕಿಟಕಿ ಪರದೆ ಎಳ್ಕೊಳ್ಳಿ. ಹೊರಗಿನ ಗಲಾಟೆ ಕಮ್ಮಿಯಾಗುತ್ತೆ."

ಪಕ್ಕದ ಮನೆಯಾಕೆ ಕಾಂಪೌಂಡಿನ ಬಳಿ ನಿಂತಿದ್ದಳು. "ಹುಚ್ಚು ಬಿಡದೆ ಮದುವೆ ಆಗಲ್ಲ, ಮದುವೆ ಆಗದೆ ಹುಚ್ಚು ಬಿಡಲ್ಲ" ಎಂದು ಇವರ ಪ್ರವಾಸವನ್ನು ದಿನವೂ ಆಡಿಕೊಳ್ಳುತ್ತಿದ್ದವಳು ಇಂದು ಯಾಕೋ ಗಂಭೀರವಾಗಿ, "ಹುಷಾರಾಗಿ ಹೋಗ್ಬನ್ನಿ," ಎಂದಳು.

"ಎಲ್ಲಿಗೂ ಇಲ್ಲಮ್ಮಾ, ಬೀದಿ ತುದಿವರೆಗೆ ಅಷ್ಟೆ!" ಎಂದು ಯಜಮಾನರು ಪರದೆ ಎಳೆದರು.

ಗಾಡಿ ಹೊರಟಿತು. ಟಿಣ್. ಯಜಮಾನರು ಇಲಿಯ ಜಾಡು ಹಿಡಿದ ಬೆಕ್ಕಿನಂತೆ ಮೊಣಕಾಲೂರಿ ಹರಿದಾಡತೊಡಗಿದರು. ಅಕ್ಕಿ ಡಬ್ಬಿ ಅಲ್ಲಾಡಿಸಿದರು. ಬಾಯ್ತನಕ ತುಂಬಿತ್ತು, ಸದ್ದೇ ಇಲ್ಲ. ಬಟ್ಟೆಯ ಖಾನೆ ತೆರೆದರು. ಇಬ್ಬರ ಬಟ್ಟೆಗಳೂ ಇಸ್ತ್ರಿಯಾಗಿ ಒತ್ತೊತ್ತಾಗಿ ಕೂತಿದ್ದವು. ಬಟ್ಟೆ ಸದ್ದು ಮಾಡುವುದಿಲ್ಲವೆಂದು ಮುಚ್ಚಿದರು. ತಮ್ಮದೇ ಬಿ.ಪಿ. ಮಾತ್ರೆಯ ಡಬ್ಬಿ ಕೈಗೆ ಸಿಕ್ಕಿತು. ಅದು ಗಲಗಲ ಎಂದಿತೇ ಹೊರತು ಟಿಣ್ ಎನ್ನಲಿಲ್ಲ, ಅದನ್ನೂ ಬದಿಗಿಟ್ಟರು.

"ಸಿಕ್ತೇನ್ರೀ? ಬೀದಿ ತುದಿ ಬಂತು."

"ಇಲ್ಲ ಕಣೇ, ಇನ್ನೂ ಸ್ವಲ್ಪ ಮುಂದೆ ಹೋಗು. ನಿಲ್ಲಿಸಬೇಡ, ನಿಲ್ಲಿಸಿದ್ರೆ ಸದ್ದೂ ನಿಲ್ಲುತ್ತೆ. ಮನೆ ಬಾಗಿಲು ಹಾಕಿದ್ಯಾ?"

"ಹಾಕಿದೀನಿ. ನೀವು ಕಿವಿ ಕೊಟ್ಟು ಕೇಳಿ."

ಮಂಚದ ಬೋಲ್ಟುಗಳನ್ನು ಬಿಗಿ ಮಾಡಿದರು. ಒಲೆಯ ಕೆಳಗೆ ಬಟ್ಟೆ ತುರುಕಿದರು. ತಟ್ಟೆಗಳ ನಡುವೆ ಟವೆಲ್ ಇಟ್ಟರು. ನಡುನಡುವೆ "ಇನ್ನೂ ಸ್ವಲ್ಪ ಮುಂದೆ, ಇನ್ನೂ ಸ್ವಲ್ಪ" ಎನ್ನುತ್ತಲೇ ಇದ್ದರು. ಕೊನೆಗೆ ಸಿಂಕಿನ ಕೆಳಗಿನ ಬಾಗಿಲು ತೆರೆದು, ತಲೆಯನ್ನೇ ಒಳಗೆ ತೂರಿಸಿ ಟಾರ್ಚು ಬಿಟ್ಟರು. ನೀರಿನ ಪೈಪಿನ ಪಕ್ಕದಲ್ಲಿ, ಹಳದಿ ದಾರಕ್ಕೆ ಕಟ್ಟಿದ ಒಂದು ಚಮಚ ಜೋಕಾಲಿಯಾಡುತ್ತ ಪೈಪಿಗೆ ಬಡಿಯುತ್ತಿತ್ತು.

ದಾರವನ್ನು ಮುಟ್ಟಿ ನೋಡಿದರು. ಹೆಂಡತಿ ಗಾಡಿಯ ಪರದೆಗಳನ್ನು ಹೊಲಿದ ದಾರ. ಥಟ್ಟನೆ ಎದ್ದು ಪರದೆ ಸರಿಸಿದರು. ಹೊರಗೆ ಬೀದಿಯೂ ಇಲ್ಲ, ಮನೆಗಳೂ ಇಲ್ಲ. ಹಸಿರು ಬಯಲು, ಅದರಾಚೆ ಗುಡ್ಡ, ಗುಡ್ಡವನ್ನು ಬಳಸಿ ಹೋಗುವ ಹೆದ್ದಾರಿ. ತುಂಬಿದ ಅಕ್ಕಿ ಡಬ್ಬಿ, ಇಸ್ತ್ರಿ ಬಟ್ಟೆ, ಮಾತ್ರೆ, ಪಕ್ಕದ ಮನೆಯಾಕೆಯ ಗಂಭೀರ ಮುಖ ಒಂದೊಂದಾಗಿ ಈಗ ತಲೆಗೆ ಹೊಳೆದವು.

ಮೊದಲು ಕೋಪ ಬಂತು. ಅದರ ಬೆನ್ನಿಗೇ ಹಳೆಯ ಭಯ: ಇಲ್ಲೇ ಕೆಟ್ಟು ನಿಂತರೆ? ಎಂಜಿನ್ನಿಗೆ ಕಿವಿಗೊಟ್ಟರು. ಅದು ತನ್ನ ಪಾಡಿಗೆ ತಾನು ಹದವಾಗಿ ಗುನುಗುತ್ತಿತ್ತು. ಮುಂದೆ ಹೆಂಡತಿ ನೆಟ್ಟಗೆ ಕೂತಿದ್ದಳು. ಒಮ್ಮೆಯೂ ಹಿಂತಿರುಗಿ ನೋಡುತ್ತಿಲ್ಲ. ಸ್ಟಿಯರಿಂಗನ್ನು ಯಾರೋ ಕಿತ್ತುಕೊಳ್ಳುತ್ತಾರೇನೋ ಎಂಬಂತೆ ಬಿಗಿಯಾಗಿ ಹಿಡಿದಿದ್ದಳು. ಇಷ್ಟು ಆಸೆಯಿತ್ತೇ ಇವಳಿಗೆ!

"ಏನ್ರೀ, ಸಿಕ್ತಾ?" ಆಕೆಯ ದನಿ ಸಣ್ಣಗಾಗಿತ್ತು. "ಗಾಡಿ ತಿರುಗಿಸಲಾ?"

ಯಜಮಾನರು ಮತ್ತೆ ಸಿಂಕಿನ ಕೆಳಗೆ ಕೈಹಾಕಿದರು. ಸಡಿಲವಾಗಿದ್ದ ದಾರದ ಗಂಟನ್ನು ಡಿಪೋದಲ್ಲಿ ಕಲಿತ ಪಟ್ಟಿನಲ್ಲಿ ಬಿಗಿಯಾಗಿ ಜಗ್ಗಿ, ಚಮಚವನ್ನು ಅಲ್ಲೇ ತೂಗಾಡಲು ಬಿಟ್ಟು, ಬಾಗಿಲು ಮುಚ್ಚಿದರು.

ಟಿಣ್.

"ಇಲ್ಲ ಕಣೇ, ಸಿಗಲಿಲ್ಲ," ಎಂದರು. "ಇನ್ನೂ ಮುಂದೆ ಹೋಗು."