ಯಾವ ಸ್ಪೇನಿನ ಬಾಳೆ?

‘ಹದಿನಾಲ್ಕು ದಿನಗಳೊಳಗೆ ತೆಗೆಯಿರಿ’ ಎಂಬ ನೋಟಿಸು ರಝಿಯಾ ಅವರ ಮನೆ ಬಾಗಿಲಿಗೆ ಅಂಟಿದ ದಿನವೇ ಅವರ ಬಾಳೆಗೊನೆಯಲ್ಲಿ ಮೂರನೆಯ ಚಿಪ್ಪು ಬಿಚ್ಚಿಕೊಂಡಿತ್ತು. ಅಮೆರಿಕದ ಸ್ಯಾನ್ ಡಿಯಾಗೋ ನಗರದ ಸ್ಕ್ರಿಪ್ಸ್ ರ್ಯಾಂಚ್‌ನ ಆ ಕಾಲೊನಿಯಲ್ಲಿ ಮನೆಗಳಿಗೆಲ್ಲ ಕೆಂಪು ಹೆಂಚು, ಬೀದಿಗಳಿಗೆಲ್ಲ ಸ್ಪ್ಯಾನಿಷ್ ಹೆಸರು. ಮುಂದಿನ ಅಂಗಳದಲ್ಲಿ ‘ಸ್ಪೇನ್ ದೇಶದ ಹವೆಯಲ್ಲಿ ಬೆಳೆಯುವ ಗಿಡಗಳು’ ಮಾತ್ರ ಇರಬೇಕೆಂಬುದು ನಿವಾಸಿಗಳ ಸಂಘದ ನಿಯಮ. ಮೂರು ವರ್ಷ ಕಾದ ಮೇಲೆ ಬಂದ ಮೊದಲ ಗೊನೆ ಅದು. ಹಣ್ಣಾಗಲು ಇನ್ನೂ ಐದು ತಿಂಗಳು ಬೇಕಿತ್ತು.

ಸಂಘದ ಉದ್ಯಾನ ಸಮಿತಿಗೆ ಅಧ್ಯಕ್ಷೆ ಬೆಂಗಳೂರಿನ ನಿರುಪಮಾ. ಇರುವುದು ಎರಡು ಬೀದಿ ಆಚೆ. ರಝಿಯಾ ಫೋನ್ ಮಾಡಿದರು.

“ಏನಮ್ಮಾ ಇದು? ಹೋದ ವರ್ಷ ನಿನ್ನ ಗೃಹಪ್ರವೇಶಕ್ಕೆ ಬಾಗಿಲಿಗೆ ಕಟ್ಟೋಕೆ ಕಂದು ಕೊಟ್ಟಿದ್ದು ಇದೇ ಗಿಡದ ಬುಡದಿಂದ ತಾನೆ?”

“ನಂಗೂ ಬೇಜಾರೇ ಆಂಟಿ. ಆದ್ರೆ ಕಂಪ್ಲೇಂಟ್ ಬಂದಿದೆ. ನಮ್ಮವರು ಅಂತ ಬಿಟ್ರೆ ನಾಳೆ ನನ್ನನ್ನೇ ಹಿಡ್ಕೊಳ್ತಾರೆ. ಲ್ಯಾವೆಂಡರ್ ಹಾಕಿ, ಆಲಿವ್ ಹಾಕಿ. ಬಾಳೆ ಸ್ಪೇನಿಂದಲ್ವಲ್ಲ!”

ಈ ಮಾತು ಕಿವಿಗೆ ಬಿದ್ದಾಗ ಎದುರು ಮನೆಯ ಉಮಾಶಂಕರನಿಗೆ ಸುಮ್ಮನಿರಲಾಗಲಿಲ್ಲ. ಅವನು ಟೆಲಿಕಾಂ ಎಂಜಿನಿಯರ್. ಆದರೆ ಹಿತ್ತಲಲ್ಲಿ ಮಳೆಮಾಪಕ ಇಟ್ಟುಕೊಂಡು, ಸ್ಯಾನ್ ಡಿಯಾಗೋದಲ್ಲಿ ಬಾರದ ಮಳೆಯನ್ನು ದಿನಾ ಬೆಳಿಗ್ಗೆ ತಪ್ಪದೆ ಬರೆದಿಡುವವನು.

“ಯಾವ ಸ್ಪೇನ್ ಅಂತ ಕೇಳ್ಬೇಕಿತ್ತು ಆಂಟಿ.”

“ಇರೋದು ಒಂದೇ ಅಲ್ವೇನಪ್ಪಾ?”

“ದೇಶ ಒಂದು, ಹವೆ ಹತ್ತಾರು. ವಾಯವ್ಯದ ಸಾಂತಿಯಾಗೋದಲ್ಲಿ ವರ್ಷಕ್ಕೆ ಹತ್ತಿರ ಹತ್ತಿರ ಸಾವಿರದ ಎಂಟುನೂರು ಮಿಲಿಮೀಟರ್ ಮಳೆ. ಆಗ್ನೇಯದ ಕಾಬೊ ದೆ ಗಾಟಾದಲ್ಲಿ ಇನ್ನೂರೂ ದಾಟಲ್ಲ.”

“ಚಿತ್ರದುರ್ಗದಲ್ಲೇ ಅದಕ್ಕಿಂತ ಜಾಸ್ತಿ ಬೀಳುತ್ತಲ್ಲೋ!”

“ಅದೇ ಹೇಳ್ತಿರೋದು. ಒಳನಾಡಿನ ತೆರುಯೆಲ್ ಕಡೆ ಸೊನ್ನೆಗಿಂತ ಇಪ್ಪತ್ತು ಡಿಗ್ರಿ ಕೆಳಗೆ ಇಳಿದಿದ್ದುಂಟು. ಕೆನರಿ ದ್ವೀಪಗಳ ತೀರದಲ್ಲಿ ಚಳಿಗಾಲಕ್ಕೂ ಸ್ವೆಟರ್ ಬೇಡ. ಅದೂ ಸ್ಪೇನೇ. ಅಲ್ಲಿ ತೋಟ ತೋಟ ಏನು ಬೆಳೀತಾರೆ ಹೇಳಿ ನೋಡೋಣ?”

ರಝಿಯಾ ಕಿಟಕಿಯಾಚೆಯ ಗೊನೆಯನ್ನು ನೋಡಿ ನಕ್ಕರು.

ಸಮಿತಿಯ ಸಭೆಯಲ್ಲಿ ಉಮಾಶಂಕರ ಇಪ್ಪತ್ತೆರಡು ಸ್ಲೈಡ್ ತೋರಿಸಿದ. ಹಿಮ ಹೊದ್ದ ಸಿಯೆರ್ರಾ ನೆವಾಡಾ ಬೆಟ್ಟ ತೋರಿಸಿದ, ಅದರ ಕೆಳಗಿನ ಕರಾವಳಿಯ ಮಾವಿನ ತೋಪು ತೋರಿಸಿದ, ಒಂದೊಂದು ಊರಿಗೂ ತಿಂಗಳವಾರು ಮಳೆಯ ಪಟ್ಟಿ ಕೊಟ್ಟ. ಎರಡು ಸಲ ಸ್ಪೇನಿಗೆ ಹೋಗಿ ಎರಡು ಸಲವೂ ಹೋಟೆಲಿನ ಈಜುಕೊಳ ಬಿಟ್ಟು ಆಚೆ ಬರದಿದ್ದ ಸದಸ್ಯರೊಬ್ಬರು ಹದಿನಾಲ್ಕನೆಯ ಸ್ಲೈಡಿಗೆ ಕಣ್ಣು ಮುಚ್ಚಿದರು. ನಿರುಪಮಾ ಮಾತ್ರ ಪಟ್ಟು ಬಿಡಲಿಲ್ಲ. “ಉಮಾಶಂಕರ್, ಕೆನರಿ ಇರೋದು ಆಫ್ರಿಕಾ ಪಕ್ಕ!” ಎಂದಳು, ಕನ್ನಡದಲ್ಲೇ. “ನಿಮ್ಮ ರೂಲಿನಲ್ಲಿ ಸ್ಪೇನ್ ಅಂತಿದೆ, ಯುರೋಪ್ ಅಂತಿಲ್ಲ,” ಎಂದು ಅವನು ಇಪ್ಪತ್ತಮೂರನೆಯ ಸ್ಲೈಡಿಗೆ ಕೈ ಹಾಕಿದ. ಸಮಿತಿ ಕೂಡಲೇ ಒಪ್ಪಿಕೊಂಡಿತು.

ವಾರದೊಳಗೆ ಪತ್ರ ಬಂತು: ‘ಸದರಿ ಬಾಳೆಯನ್ನು ಕೆನರಿ ದ್ವೀಪಗಳ ಹವೆಯ ಪ್ರತಿನಿಧಿಯೆಂದು ಸಮಿತಿ ಮಾನ್ಯ ಮಾಡಿದೆ.’ ರಝಿಯಾ ಅದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿದರು. ಶುಗರ್ ಇರುವ ಅವರ ಗಂಡ ರಹಮತುಲ್ಲಾ, ಮೊದಲ ಹಣ್ಣು ಒಂದೇ ಒಂದು ತಿನ್ನುವುದಾಗಿಯೂ ಅದನ್ನು ಡಾಕ್ಟರಿಗೆ ಹೇಳುವುದಿಲ್ಲವೆಂದೂ ಘೋಷಿಸಿದರು.

ಸೆಪ್ಟೆಂಬರ್ ಬಂತು. ಗಣೇಶ ಚೌತಿಯ ಹಿಂದಿನ ದಿನ ಬೆಳಿಗ್ಗೆ ಮೇಲಿನ ಚಿಪ್ಪು ಹಳದಿಗೆ ತಿರುಗಿದ್ದನ್ನು ಕಂಡು ರಝಿಯಾ ಕತ್ತಿ ಹಿಡಿದು ಅಂಗಳಕ್ಕೆ ಇಳಿದರು.

“ಆಂಟಿ, ನಿಲ್ಲಿ!” ಉಮಾಶಂಕರ ರಸ್ತೆ ದಾಟಿ ಓಡಿಬಂದ. “ಆ ಪತ್ರದ ಎರಡನೇ ಪುಟ ಓದಿದೀರಾ? ನಂಗೆ ಕಳಿಸಿದ ಕಾಪೀಲಿ ನಾನೂ ನಿನ್ನೆಯೇ ಓದಿದ್ದು.”

“ಎರಡನೇ ಪುಟ ಬೇರೆ ಇತ್ತಾ?”

ಇತ್ತು. ಮಾನ್ಯತೆ ಪಡೆದ ಗಿಡವನ್ನಾಗಲಿ, ಅದರ ಯಾವುದೇ ಭಾಗವನ್ನಾಗಲಿ ಸಮಿತಿಯ ಲಿಖಿತ ಅನುಮತಿಯಿಲ್ಲದೆ ಕಡಿಯುವಂತಿಲ್ಲ. ಮುಂದಿನ ಸಭೆ ನವೆಂಬರಿನಲ್ಲಿ. ಬಾಳೆ ಒಂದೇ ಗೊನೆ ಕೊಡುವ ಗಿಡ, ಗೊನೆ ಇಳಿಸಿದ ಮೇಲೆ ಅದನ್ನು ಹೇಗೂ ಕಡಿಯಲೇಬೇಕು ಎಂಬುದು ಇಪ್ಪತ್ತೆರಡು ಸ್ಲೈಡುಗಳಲ್ಲಿ ಒಂದರಲ್ಲೂ ಇರಲಿಲ್ಲ.

“ಅಲ್ಲಪ್ಪಾ, ನಿಮ್ಮ ಸ್ಪೇನಲ್ಲಿ ಬಾಳೆ ಬೆಳೆದು ಸುಮ್ನೆ ನೋಡ್ತಾ ಕೂರ್ತಾರಾ?” ರಝಿಯಾ ಕತ್ತಿ ಕೆಳಗಿಳಿಸಿದರು. ಉಮಾಶಂಕರ ಫೋನ್ ತೆಗೆದು ಅದಕ್ಕೂ ಅಂಕಿಅಂಶ ಹುಡುಕತೊಡಗಿದ.

ಅಷ್ಟರಲ್ಲಿ ಕಾರೊಂದು ಬಂದು ನಿಂತಿತು. ನಿರುಪಮಾ ಇಳಿದಳು; ಕೈಯಲ್ಲಿ ಒದ್ದೆ ಬಟ್ಟೆ, ಕತ್ತರಿ. “ಆಂಟಿ, ನಾಳೆ ಹಬ್ಬ. ಮನೆಗೆ ಹನ್ನೆರಡು ಜನ ಊಟಕ್ಕೆ ಬರ್ತಿದಾರೆ. ಒಂದು ಆರು ಎಲೆ ಕೊಯ್ಕೊಳ್ಲಾ?”

ರಝಿಯಾ ಒಳಗೆ ಹೋಗಿ, ಫ್ರಿಜ್ಜಿನಿಂದ ಪತ್ರ ಬಿಡಿಸಿ ತಂದು, ಎರಡನೆಯ ಪುಟ ಮೇಲೆ ಮಾಡಿ ಅವಳ ಕೈಗಿಟ್ಟರು. ಕೆಳಗಿದ್ದ ತನ್ನ ಸಹಿಯವರೆಗೂ ನಿರುಪಮಾ ಓದಿದಳು.

“ನವೆಂಬರ್‌ವರೆಗೆ ಇರುತ್ತಾ ಆಂಟಿ ಇದು?”

ಕತ್ತಿ, ಕತ್ತರಿ, ಪತ್ರ ಹಿಡಿದು ಮೂವರೂ ತಲೆಯೆತ್ತಿ ನಿಂತಿದ್ದರು. ಮೇಲಿನ ಚಿಪ್ಪಿನ ಮೇಲೆ ಕೂತ ದಪ್ಪ ಬಾಲದ ಅಳಿಲೊಂದು ಮೊದಲ ಹಣ್ಣಿನ ಸಿಪ್ಪೆಯನ್ನು ಅವರ ಕಾಲ ಬಳಿ ಬೀಳಿಸಿ, ಎರಡನೆಯದಕ್ಕೆ ಕೈ ಹಾಕಿತು.