ತಾಲೀಮಿನ ಓಟು

ಪ್ರಜಾಪ್ರಭುತ್ವ ಅಂದರೇನು ಎಂದು ಕಲಿಸಲು ಪೆನೆಡೊ ಹಳ್ಳಿಗೆ ಬಂದ ಕ್ಯಾಪ್ಟನ್ ಲೊಬಾಟೊಗೆ ಬಾಯಿ ತೆರೆದ ಕೂಡಲೇ ದಂಡ ಬಿತ್ತು. ಊರ ಸಭೆಯಲ್ಲಿ ಟೋಪಿ ತೆಗೆಯದೆ ಮಾತಾಡಿದರೆ ಒಂದು ಹೂಜಿ ವೈನ್. ಮುತ್ತಜ್ಜಂದಿರ ಕಾಲದ ಕಟ್ಟಳೆ. ಆ ವರ್ಷದ ಯಜಮಾನ ಬಲ್ತಜಾರ್ ಕೈಯಲ್ಲಿದ್ದ ಕೋಲಿಗೆ ಚಾಕುವಿನಿಂದ ಒಂದು ಗೀರು ಹಾಕಿ, "ನಿಮ್ಮ ಲೆಕ್ಕ ಆಯ್ತು. ಈಗ ಮಾತಾಡಿ ಸಾಹೇಬ್ರೇ," ಎಂದ.

ಕ್ಯಾಪ್ಟನ್ ನಗುತ್ತಲೇ ಟೋಪಿಯನ್ನು ಕಂಕುಳಿಗೆ ಸೇರಿಸಿದ. ಏಪ್ರಿಲ್‌ನಲ್ಲಿ ಅವನ ಜೊತೆಯವರು ಲಿಸ್ಬನ್ನಿನಲ್ಲಿ ಸರ್ವಾಧಿಕಾರವನ್ನು ಉರುಳಿಸಿದ್ದರು. ಈಗ ಚಳಿಗಾಲವಿಡೀ ಲಾರಿಯಲ್ಲಿ ಬೆಟ್ಟ ಹತ್ತಿ, ಹಳ್ಳಿಹಳ್ಳಿಗೂ ಓಟು ಹಾಕುವ ಪಾಠ. ಬರಿಗೈಯಲ್ಲಿ ಬರಬಾರದೆಂದು ಪೆನೆಡೊಗೆ ಒಂದು ನಲ್ಲಿಯನ್ನೂ ಅದಕ್ಕೆ ಬೇಕಾದ ಕೊಳವೆಯನ್ನೂ ತಂದಿದ್ದ. ನಲ್ಲಿ ಎಲ್ಲಿ ಎಂಬುದನ್ನು ಸಭೆ ಆಗಲೇ ತೀರ್ಮಾನಿಸಿತ್ತು: ಕೆಳಗೇರಿಯಲ್ಲಿ, ಹೆಂಡದಂಗಡಿಯ ಬಾಗಿಲಿಗೆ. ಸಭೆಯಲ್ಲಿ ಮನೆಗೊಂದು ಮಾತು, ಆ ಮಾತು ಗಂಡಸಿನದು. ನೀರು ಹೊರುವವರು ಮಾತ್ರ ಹೆಂಗಸರು. ಕೆಳಗಿನ ತೊರೆಯಿಂದ ಮೇಲ್ಗೇರಿಗೆ ಕೊಡ ಹೊತ್ತು ಹೊತ್ತು ಬಲ್ತಜಾರನ ಹೆಂಡತಿ ಫೆಲಿಸ್ಮಿನಾಳ ಕತ್ತೇ ಒಂದು ಕಡೆಗೆ ವಾಲಿಹೋಗಿತ್ತು.

"ಹದಿನೆಂಟು ದಾಟಿದ ಪ್ರತಿಯೊಬ್ರಿಗೂ ಒಂದು ಓಟು," ಎಂದ ಕ್ಯಾಪ್ಟನ್. "ಗಂಡಸಾಗ್ಲಿ, ಹೆಂಗಸಾಗ್ಲಿ."

ಹಿಂದೆ ನಿಂತಿದ್ದ ಫೆಲಿಸ್ಮಿನಾ ಕತ್ತು ಚಾಚಿದಳು. "ಹಂಗಾದ್ರೆ ನಮ್ಮನೇಲಿ ಎರಡು?"

"ಎರಡು, ತಾಯಿ."

"ನಾನು ಯಾವುದಕ್ಕೆ ಹಾಕ್ದೆ ಅಂತ ಇವ್ರಿಗೆ ಗೊತ್ತಾಗಲ್ವಾ?"

"ದೇವ್ರಾಣೆಗೂ ಇಲ್ಲ. ಅದು ಗುಪ್ತ ಮತದಾನ."

"ಸಾಹೇಬ್ರೇ, ನಾನು ಬಚ್ಚಿಟ್ಟ ಬಾಟ್ಲಿ ಒಂದೂ ಇವಳ ಕಣ್ಣು ತಪ್ಪಿಸಿಲ್ಲ," ಎಂದ ಬಲ್ತಜಾರ್. "ನಮ್ಮನೇಲಿ ಗುಪ್ತ ಗಿಪ್ತ ನಡಿಯಲ್ಲ." ಗಂಡಸರೆಲ್ಲ ಗೊಳ್ಳೆಂದರು.

ಬಾಯಿಮಾತು ಸಾಕು, ಒಂದು ತಾಲೀಮು ಮಾಡಿಬಿಡೋಣ ಎಂದ ಕ್ಯಾಪ್ಟನ್. ಓದು ಬಾರದವರೇ ಹೆಚ್ಚು. ಹಾಗಾಗಿ ಒಬ್ಬೊಬ್ಬರ ಕೈಗೂ ಕಂದು ಸಿಪ್ಪೆಯ ಒಂದು ಚೆಸ್ಟ್‌ನಟ್, ಒಂದು ಬಿಳಿ ಅವರೆಕಾಳು. ಚರ್ಚಿನ ಬಾಗಿಲಿಗೆ ದುಪ್ಪಟಿ ಕಟ್ಟಿ, ಅದರ ಹಿಂದೆ ಗಡಿಗೆ ಇಟ್ಟರು. ಒಂದನ್ನು ಗಡಿಗೆಗೆ ಹಾಕಬೇಕು, ಇನ್ನೊಂದನ್ನು ಜೇಬಿಗೆ ಇಳಿಸಬೇಕು.

"ವಿಷಯ ಯಾವುದಾದ್ರೂ ಆಗ್ಲಿ. ಸುಮ್ನೆ ಆಟಕ್ಕೆ," ಎಂದ.

"ನಲ್ಲಿ," ಎಂದಳು ಫೆಲಿಸ್ಮಿನಾ. "ಚೆಸ್ಟ್‌ನಟ್ ಹಾಕಿದ್ರೆ ಹೆಂಡದಂಗಡಿ. ಅವರೆ ಹಾಕಿದ್ರೆ ಮೇಲ್ಗೇರಿ."

ಆಟ ತಾನೇ ಎಂದು ಯಾರೂ ಅಡ್ಡ ಬರಲಿಲ್ಲ. ಗಡಿಗೆ ಮಗುಚಿದರೆ ಕಂಬಳಿಯ ಮೇಲೆಲ್ಲ ಅವರೆಕಾಳು! ಊರಿನ ಹೆಂಗಸರನ್ನೆಲ್ಲ ಲೆಕ್ಕ ಹಿಡಿದರೂ ಇನ್ನೂ ಒಂದಷ್ಟು ಮಿಕ್ಕವು. ಅಂದರೆ ಗಂಡಸರಲ್ಲೇ ಯಾರೋ ಕೆಲವರು ಕೈ ಕೊಟ್ಟಿದ್ದರು. ಗಂಡಸರು ಒಬ್ಬರ ಮುಖ ಒಬ್ಬರು ಅನುಮಾನದಿಂದ ನೋಡಿಕೊಂಡರು.

"ಇದು ಬರೀ ತಾಲೀಮು! ಲೆಕ್ಕಕ್ಕಿಲ್ಲ!" ಬಲ್ತಜಾರ್ ಕೋಲು ಕುಟ್ಟಿದ.

ಫೆಲಿಸ್ಮಿನಾ ಕ್ಯಾಪ್ಟನ್ ಕಡೆ ತಿರುಗಿದಳು. "ಸರ್ವಾಧಿಕಾರಿ ಇದ್ದಾಗ ಚುನಾವಣೆ ನಿಜ್ವಾಗ್ಲೂ ನಡೀತಿತ್ತು, ಫಲಿತಾಂಶ ಮಾತ್ರ ಸುಳ್ಳು. ಇವತ್ತು ಚುನಾವಣೇನೇ ಸುಳ್ಳು ಅಂತೀರಿ. ಫಲಿತಾಂಶನಾದ್ರೂ ಒಂದ್ಸಲ ನಿಜ ಆಗ್ಲಿ ಬಿಡಿ ಸಾಹೇಬ್ರೇ!"

ಕ್ಯಾಪ್ಟನ್‌ಗೆ ನುಂಗಲಾರದ ತುತ್ತು. ಲೆಕ್ಕಕ್ಕಿಲ್ಲ ಎಂದುಬಿಟ್ಟರೆ ಇಷ್ಟು ಹೊತ್ತು ಮಾಡಿದ ಪಾಠವೇ ನೀರಿನಲ್ಲಿ ಹೋಮ. ಯಜಮಾನನ ಮುಖ ನೋಡಿದ, ಹೆಂಗಸರ ಮುಖ ನೋಡಿದ, ಕೊನೆಗೆ ತನ್ನ ಸೈನಿಕರಿಗೆ ಹೇಳಿದ: "ಮೇಲ್ಗೇರೀಲಿ ಅಗೀರಪ್ಪಾ."

ಆ ವಾರವಿಡೀ ಪೆನೆಡೊದ ಗಂಡಸರಿಗೆ ಹಬ್ಬ. ಮಿಕ್ಕಿದ ಅವರೆಕಾಳುಗಳಲ್ಲಿ ಒಂದು ತನ್ನ ಗಂಡನದೇ ಎಂದು ಒಬ್ಬೊಬ್ಬ ಹೆಂಡತಿಯೂ ನಂಬಿದ್ದಳು. ಕ್ರಿಸ್‌ಮಸ್‌ಗೆಂದು ಹೊಗೆಯಲ್ಲಿ ತೂಗುಹಾಕಿದ್ದ ಹಂದಿಮಾಂಸದ ಸಾಸೇಜುಗಳು ಒಂದೊಂದಾಗಿ ಕೆಳಗಿಳಿದವು. ಫೆಲಿಸ್ಮಿನಾ ಎಲ್ಲಕ್ಕಿಂತ ದಪ್ಪನೆಯದನ್ನೇ ಬಡಿಸಿ, "ಊರ ಮುಂದೆ ಕೂಗಾಡಿದ್ರೂ ಒಳಗೆ ನನ್ನ ಮೇಲೆ ಕನಿಕರ ಇತ್ತು, ಅಲ್ವಾ?" ಎಂದು ಕೇಳಿದಳು.

"ಗುಪ್ತ ಮತದಾನ ಕಣೇ. ಹೇಳಬಾರ್ದು," ಎಂದ ಬಲ್ತಜಾರ್, ಬಾಯಿ ತುಂಬ ತುತ್ತು ಇಟ್ಟುಕೊಂಡೇ. ಪಾಪ, ಅವಳಿಗೆ ಕಣ್ಣೇ ತುಂಬಿ ಬಂತು.

ನಲ್ಲಿಯಲ್ಲಿ ನೀರು ಬಂದ ದಿನ ಮೇಲ್ಗೇರಿಯ ಹೆಂಗಸರು ಮನೆಯಲ್ಲಿದ್ದ ಬಟ್ಟೆಯನ್ನೆಲ್ಲ ತಂದು ಒಗೆಯಲು ಕೂತರು. ನೀರಿಗೆ ಅದ್ದುವ ಮುಂಚೆ ಜೇಬು ತಡಕುವುದು ರೂಢಿ. ಪಕ್ಕದ ಮನೆಯವಳಿಗೆ ಗಂಡನ ಜೇಬಿನಲ್ಲಿ ಚೆಸ್ಟ್‌ನಟ್ ಸಿಕ್ಕಿತು. ಅವಳು ಅದನ್ನು ಹೆಮ್ಮೆಯಿಂದ ಎಲ್ಲರಿಗೂ ಎತ್ತಿ ತೋರಿಸಿದಳು. ಫೆಲಿಸ್ಮಿನಾ ಯಜಮಾನನ ಪ್ಯಾಂಟಿಗೆ ಕೈ ಹಾಕಿದಳು. ಸಿಕ್ಕಿದ್ದನ್ನು ಯಾರಿಗೂ ತೋರಿಸದೆ ಮಡಿಲಿಗೆ ಹಾಕಿಕೊಂಡು ಒಗೆತ ಮುಂದುವರಿಸಿದಳು.

ಸಂಜೆ ಬಲ್ತಜಾರ್ ಕೈ ಉಜ್ಜಿಕೊಳ್ಳುತ್ತ ಊಟಕ್ಕೆ ಕೂತ. ಅವಳು ದೊಡ್ಡ ಬಟ್ಟಲೊಂದನ್ನು ತಂದು ಮುಂದಿಟ್ಟಳು. ಹಬೆಯಾಡುವ ನೀರಿನ ತಳದಲ್ಲಿ, ಹದವಾಗಿ ಬೆಂದ ಒಂದೇ ಒಂದು ಬಿಳಿ ಅವರೆಕಾಳು.

"ಕಾಳು ನಿಮ್ಮ ಜೇಬಿಂದು," ಎಂದಳು ಫೆಲಿಸ್ಮಿನಾ. "ನೀರು ನಮ್ಮ ನಲ್ಲೀದು. ಉಣ್ಣಿ."